ಅಪೆಂಡಿಕ್ಸ್ ಎಂದು ಬರೆದ ಚೀಟಿ

ಆ ಚೀಟಿಯ ಮೇಲೆ 'ಅಪೆಂಡಿಕ್ಸ್ ಆಪರೇಷನ್ ಆಗಿದೆ' ಎಂದು ಬರೆದವಳು ನಾನೇ. ಅಕ್ಷರವೂ ನನ್ನದು, ಕೆಳಗಿನ ಸಹಿಯೂ ನನ್ನದು. ಹಾಗಾಗಿ ಮುಂದೆ ನಡೆದದ್ದರಲ್ಲಿ ಯಾರ ತಪ್ಪು ಎಷ್ಟು ಎಂದು ಹಂಚಿಕೊಳ್ಳುವ ಮೊದಲೇ ನನ್ನ ಪಾಲನ್ನು ತೆಗೆದಿಟ್ಟುಬಿಡುತ್ತೇನೆ.

ಎಂಬತ್ತರ ದಶಕ. ಹೈದರಾಬಾದಿನ ಹಳೇ ಊರಿನ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನಾನು ಸ್ನಾತಕೋತ್ತರ ಎರಡನೇ ವರ್ಷದಲ್ಲಿದ್ದೆ. ಹೊಟ್ಟೆಯೊಳಗಿನದನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನಿಂಗ್ ಯಂತ್ರ ನಮ್ಮಲ್ಲಿಗೆ ಇನ್ನೂ ಬಂದಿರಲಿಲ್ಲ. ಮುಟ್ಟುವ ಕೈ, ಆಲಿಸುವ ಕಿವಿ, ಕೇಳುವ ನಾಲಿಗೆ, ಇಷ್ಟೇ ನಮ್ಮ ಸಲಕರಣೆ. ಮೂರನೆಯದರ ಬಗ್ಗೆ ನಮ್ಮ ಯೂನಿಟ್ ಮೇಡಂ ಅವರದೊಂದು ಕಟ್ಟುನಿಟ್ಟಾದ ನಿಯಮವಿತ್ತು: ಬಸುರಿಯನ್ನು ಒಮ್ಮೆ ಮನೆಯವರ ಎದುರು ಕೇಳಬೇಕು, ಇನ್ನೊಮ್ಮೆ ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬಳನ್ನೇ ಕೇಳಬೇಕು. ಎರಡು ಉತ್ತರಗಳೂ ಒಂದೇ ಆದರೆ ಮಾತ್ರ ಚೀಟಿಯಲ್ಲಿ ಬರೆಯಬೇಕು. ನಾನು ಅದನ್ನು ಎಲ್ಲರ ವಿಷಯದಲ್ಲೂ ಪಾಲಿಸುತ್ತಿದ್ದೆ. ಇವಳೊಬ್ಬಳ ವಿಷಯದಲ್ಲಿ ಬಿಟ್ಟೆ.

ಬಿಟ್ಟದ್ದಕ್ಕೆ ಕಾರಣ ಕನ್ನಡ. ದಿನವಿಡೀ ತೆಲುಗು, ಉರ್ದು ಮಾತಾಡಿ ನಾಲಿಗೆ ದಣಿದಿರುತ್ತಿತ್ತು. ಮನೆಯಲ್ಲಿ ನಾವು ರಾಯಚೂರಿನ ಕಡೆಯವರು. ನಾನು ಹಾಸ್ಟೆಲ್ ಸೇರಿದ ಮೇಲೆ ಮನೆಮಾತು ಕೇಳುವುದೇ ಅಪರೂಪವಾಗಿತ್ತು. ಅಂಥದ್ದರಲ್ಲಿ ಒಂದು ಬುಧವಾರ, ಹೊರರೋಗಿಗಳ ಸಾಲಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೊಸೆಯ ಕೈ ಹಿಡಿದು ಬಂದು ಕೂತರು. ಮಗ ರಕ್ಷಣಾ ಕಾರ್ಖಾನೆಯ ನೌಕರ, ಅಲ್ಲಿಯ ಕ್ವಾರ್ಟರ್ಸಿನಲ್ಲೇ ಮನೆ, ಮೂಲ ಬೀದರ್ ಕಡೆ. ಸೊಸೆಗೆ ಇಪ್ಪತ್ನಾಲ್ಕು ವರ್ಷ, ಮೊದಲ ಬಸಿರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಾದ್ದು ಪದ್ಧತಿ. ಆದರೆ ಹುಡುಗಿಯ ಮದುವೆಯಾದ ವರ್ಷವೇ ಅವಳ ತಾಯಿ ತೀರಿಕೊಂಡಿದ್ದರು.

"ತವರಿನ ಬಾಣಂತನಾನೂ ನಂದ, ಅತ್ತಿ ಮನಿ ಬಾಣಂತನಾನೂ ನಂದ ನೋಡ್ರಿ ಬಾಯಾರ," ಎಂದರು ಅತ್ತೆ. ನಾನು "ಯಾವ ಊರಾತ್ರಿ ಅವ್ವಾರ?" ಎಂದದ್ದೇ ತಡ, ಅವರ ಮುಖ ಅರಳಿತು. ಮುಂದಿನ ಬುಧವಾರ ನನಗೊಂದು ಡಬ್ಬಿ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಬಂತು. ಹಾಸ್ಟೆಲಿನ ನೀರು ಸಾಂಬಾರು ಉಂಡು ಬೇಸತ್ತಿದ್ದವಳಿಗೆ ಅದಕ್ಕಿಂತ ದೊಡ್ಡ ಲಂಚ ಬೇಕಿರಲಿಲ್ಲ.

ಹೊಕ್ಕುಳ ಕೆಳಗೆ, ಹೊಟ್ಟೆಯ ನಡುವೆ, ನೇರವಾಗಿ ಇಳಿದ ಹಳೆಯ ಗಾಯದ ಗೆರೆಯನ್ನು ಮೊದಲ ದಿನವೇ ನೋಡಿದ್ದೆ. "ಇದು ಯಾತರ ಆಪರೇಷನ್ನು?" ಎಂದು ಕೇಳಿದೆ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅಪೆಂಡಿಕ್ಸ್ ಆಗಿತ್ತಂತ್ರಿ, ಮದವಿಗಿಂತ ಮೊದಲ," ಎಂದರು. ಹುಡುಗಿ ತಲೆಯಾಡಿಸಿದಳು. ಅಪೆಂಡಿಕ್ಸಿನ ಗಾಯ ಸಾಮಾನ್ಯವಾಗಿ ಬಲಗಡೆ ಇರುತ್ತದೆ, ಅಡ್ಡಕ್ಕೆ ಇರುತ್ತದೆ. ಆದರೂ ಕೆಲವೊಮ್ಮೆ ಅದು ಒಡೆದಿದ್ದರೆ ನಡುವೆ ಕೊಯ್ಯುವುದುಂಟು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತೆಯನ್ನು ಹೊರಗೆ ಕಳಿಸಿ ಕೇಳಬೇಕಿತ್ತು. 'ನಮ್ಮೋರು, ಇವರೇನು ಸುಳ್ಳು ಹೇಳುತ್ತಾರೆ' ಎಂಬ ಸಲಿಗೆ. ಹೊರಗೆ ಹೋಗಿ ಎಂದರೆ ಬೇಜಾರಾದಾರು ಎಂಬ ದಾಕ್ಷಿಣ್ಯ. ಬರೆದು ಸಹಿ ಹಾಕಿದೆ.

ಹೆರಿಗೆಯ ದಿನ ಬೆಳಿಗ್ಗೆ ಆರಕ್ಕೆ ಅವಳನ್ನು ಕರೆತಂದರು. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹತ್ತರ ಹೊತ್ತಿಗೆ ಐದಾಗಿತ್ತು ಅಷ್ಟೇ. ನೋವು ಬರುತ್ತಿತ್ತು, ಆದರೆ ಬಿಟ್ಟು ಬಿಟ್ಟು, ಸೊಂಟದಲ್ಲೇ ಸುತ್ತಾಡಿ ಹೋಗುತ್ತಿತ್ತು. ಮಗುವಿನ ತಲೆ ಸರಿಯಾಗಿ ಕೂತಿದೆ, ದಾರಿ ಸಾಕಷ್ಟು ಅಗಲವಿದೆ, ನೋವಷ್ಟೇ ಸಾಲದು ಎಂದು ನನ್ನ ಲೆಕ್ಕ. ನೋವು ಹೆಚ್ಚಿಸುವ ಔಷಧವನ್ನು ಗ್ಲೂಕೋಸ್ ಬಾಟಲಿಗೆ ಹಾಕಿ ನಿಮಿಷಕ್ಕೆ ಎಂಟು ಹನಿಯಂತೆ ಬಿಟ್ಟೆ, ಅರ್ಧ ಗಂಟೆಗೊಮ್ಮೆ ಏರಿಸಿದೆ. ಗರ್ಭಕೋಶಕ್ಕೆ ಹಿಂದೆ ಕತ್ತರಿ ತಾಗಿದವರಿಗೆ ಈ ಹನಿ ಕೊಡುವಾಗ ಹತ್ತು ಸಲ ಯೋಚಿಸಬೇಕು. ಹೊಲಿಗೆಯ ಜಾಗ ಆ ಒತ್ತಡಕ್ಕೆ ಬಿಟ್ಟುಕೊಳ್ಳಬಹುದು. ಆದರೆ ನನ್ನ ಚೀಟಿಯಲ್ಲಿ ಅಪೆಂಡಿಕ್ಸ್ ಎಂದಿತ್ತಲ್ಲ.

ಹನ್ನೆರಡಕ್ಕೆ ನೋವು ಜೋರಾಯಿತು, ಬಾಯಿ ಎಂಟಕ್ಕೆ ಬಂತು. ಇನ್ನೇನು ಗಂಟೆಯೊಳಗೆ ಆಗುತ್ತದೆ ಎಂದು ನಾನು ಪಕ್ಕದ ಕೋಣೆಗೆ ಚಹಾ ಕುಡಿಯಲು ಹೋದೆ.

ನಮ್ಮ ಹೆರಿಗೆ ಕೋಣೆಯಲ್ಲಿ ಹಿರಿಯ ಆಯಾ ಒಬ್ಬಳಿದ್ದಳು. ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಓದು ಬರಹ ಇಲ್ಲ. ಬೆಡ್‌ಪ್ಯಾನ್ ಹಿಡಿದು ಹೋಗುವಾಗಲೂ ಬರುವಾಗಲೂ ಪ್ರತಿ ಹೊಟ್ಟೆಯ ಮೇಲೂ ಒಮ್ಮೆ ಅಂಗೈ ಇಟ್ಟು ಹೋಗುವುದು ಅವಳ ರೂಢಿ, ನಾದಿಟ್ಟ ಹಿಟ್ಟು ಹದಕ್ಕೆ ಬಂದಿದೆಯೇ ಎಂದು ಮುಟ್ಟಿ ನೋಡುವ ಹಾಗೆ. ನಾವು ಹೊಸ ಡಾಕ್ಟರುಗಳು ಅದಕ್ಕೆ ನಗುತ್ತಿದ್ದೆವು. ಅವಳು ಬಂದು ಬಾಗಿಲಲ್ಲಿ ನಿಂತಳು.

"ಡಾಕ್ಟರಮ್ಮಾ, ಜರಾ ಆವೋ. ಉಸ್ ಕಾ ಪೇಟ್ ದೇಖೋ. ಸುಬೂ ಐಸಾ ನೈ ಥಾ."

ಬೆಳಿಗ್ಗೆ ಹೊಟ್ಟೆ ಹೀಗಿರಲಿಲ್ಲ ಎನ್ನುತ್ತಿದ್ದಾಳೆ. ನಾನು ಕಪ್ಪು ಕೆಳಗಿಟ್ಟು ಹೋದೆ. ಹುಡುಗಿ ಕಿರುಚುತ್ತಿರಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದಳು. ನನ್ನನ್ನು ನೋಡಿ, "ನೋವು ಹ್ವಾತ್ರಿ ಅಕ್ಕಾರ. ಏನೋ ಕಿತ್ತಂಗಾತು, ಆಮ್ಯಾಲೆ ಪೂರಾ ನಿಂತು. ಹಗೂರ ಐತಿ. ಬರೇ ಈ ಹೆಗಲ ನೋಯಾಕತ್ತೈತಿ," ಎಂದಳು.

ಹೆರಿಗೆ ಕೋಣೆಯಲ್ಲಿ ನೋವು ನಿಂತಿತು ಎಂದರೆ ಯಾರಾದರೂ ಖುಷಿಪಟ್ಟಾರು. ಆದರೆ ಎಂಟು ಸೆಂಟಿಮೀಟರಿಗೆ ಬಂದ ನೋವು ಹಾಗೆ ಸುಮ್ಮನೆ ನಿಲ್ಲುವುದಿಲ್ಲ. ಹೆಗಲು ನೋಯುವುದೆಂದರೆ ಹೊಟ್ಟೆಯೊಳಗೆ ರಕ್ತ ಸೋರಿ, ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗುತ್ತಿದೆ ಎಂದು ಪುಸ್ತಕದಲ್ಲಿ ಓದಿದ್ದೆ. ಮೊದಲು ಹನಿ ನಿಲ್ಲಿಸಿದೆ. ನಾಡಿ ನೂರಾ ಮೂವತ್ತು, ಹಣೆಯಲ್ಲಿ ತಣ್ಣನೆಯ ಬೆವರು, ರಕ್ತದೊತ್ತಡ ಎಂಬತ್ತಕ್ಕೆ ಇಳಿದಿತ್ತು. ಹೊಟ್ಟೆ ಒಂದು ದುಂಡಾಗಿರುವ ಬದಲು ಎರಡು ಗುಡ್ಡೆಯಾಗಿತ್ತು. ಮೇಲ್ಗಡೆ ಕೈಯಿಟ್ಟರೆ ಮಗುವಿನ ಕಾಲು ಚರ್ಮದ ಅಡಿಯಲ್ಲೇ ಸಿಕ್ಕಿತು. ಒಳಗೆ ಪರೀಕ್ಷಿಸಿದಾಗ, ಮುಕ್ಕಾಲು ಗಂಟೆಯ ಹಿಂದೆ ಬೆರಳಿಗೆ ತಾಗುತ್ತಿದ್ದ ತಲೆ ಮೇಲಕ್ಕೆ ಹೋಗಿಬಿಟ್ಟಿತ್ತು. ಕೊಳವೆ ಇಟ್ಟು ಕೇಳಿದೆ. ನಿಮಿಷಕ್ಕೆ ನೂರಾ ನಲವತ್ತು ಬಡಿಯಬೇಕಾದ ಮಗುವಿನ ಎದೆ ಎಪ್ಪತ್ತು ಬಡಿಯುತ್ತಿತ್ತು.

ಗರ್ಭಕೋಶ ಹರಿಯುವುದನ್ನು ನಾನು ಅದಕ್ಕೆ ಮೊದಲು ಮೂರು ಸಲ ನೋಡಿದ್ದೆ. ಮಗು ಅಡ್ಡಬಿದ್ದು ಎರಡು ದಿನ ಹಳ್ಳಿಯಲ್ಲೇ ನರಳಿ ಲಾರಿಯಲ್ಲಿ ಬಂದವರು, ಆರೇಳು ಹೆತ್ತು ಗರ್ಭಕೋಶ ಸಡಿಲಾದವರು, ಊರಿನ ಸೂಜಿ ಡಾಕ್ಟರನಿಂದ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡವರು. ಮೂವರ ಮಕ್ಕಳೂ ಉಳಿಯಲಿಲ್ಲ. ಒಬ್ಬಳು ತಾನೂ ಹೋದಳು. ಆದರೆ ಇವಳು ಚೊಚ್ಚಲು, ಸರಿಯಾಗಿ ಕೂತ ಮಗು, ಆಸ್ಪತ್ರೆಯೊಳಗೆ. ಚೊಚ್ಚಲ ಗರ್ಭಕೋಶ ಹೀಗೆ ಹರಿಯುವುದಿಲ್ಲ. ಹರಿದಿದ್ದರೆ ಅಲ್ಲಿ ಮೊದಲೇ ಹೊಲಿಗೆ ಇರಬೇಕು.

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. "ಖರೇ ಹೇಳವ್ವಾ. ಇಲ್ಲಿ ನಾನು, ನೀನು ಇಬ್ಬರ ಅದೀವಿ. ಈ ಗೆರಿ ಅಪೆಂಡಿಕ್ಸಿಂದಲ್ಲ ಹೌದಿಲ್ಲೋ?"

ಅವಳ ಕಣ್ಣಿಂದ ನೀರು ಕಿವಿಗೆ ಹರಿಯಿತು. "ಅಲ್ರಿ ಅಕ್ಕಾರ. ಗರ್ಭಚೀಲದಾಗ ಗಡ್ಡಿ ಇತ್ತು, ತಗಿಸಿದ್ರು. ಹಿಂತಾಕಿನ್ನ ಯಾರ ಮಾಡ್ಕೋತಾರ ಅಂತ ಅವ್ವ ಅಪೆಂಡಿಕ್ಸ್ ಅಂತ ಹೇಳಿಸಿದ್ಲು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಯಾಳ. ಅತ್ತಿಗೆ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಸತ್ತ ತಾಯಿಯ ಆಣೆ ಮುರಿದು ಅವಳು ಹೇಳಿದ ಆ ನಾಲ್ಕು ಮಾತಿಗೆ ನಾನು ಇಂದಿಗೂ ಋಣಿ. ಹೇಳದಿದ್ದರೆ ನಾನು ಇದೋ ಅದೋ ಎಂದು ಅನುಮಾನಿಸುತ್ತ, ಮೇಡಂ ಬಂದು ನೋಡಲಿ ಎಂದು ಕಾಯುತ್ತಿದ್ದೆ.

ಕಾಯಬೇಕೆಂಬುದೇ ನಿಯಮ. ಸಹಾಯಕ ಸರ್ಜನ್ ಆ ದಿನ ರಜೆ. ಮೇಡಂ ಅಂಗಳದಾಚೆಯ ಹೊರರೋಗಿಗಳ ಕಟ್ಟಡದಲ್ಲಿದ್ದರು. ಹಿರಿಯರಿಲ್ಲದೆ ಇಂಥ ಹೊಟ್ಟೆ ತೆರೆಯುವ ಅಧಿಕಾರ ನನ್ನಂಥ ವಿದ್ಯಾರ್ಥಿನಿಗೆ ಇರಲಿಲ್ಲ. ಸಿಸ್ಟರನ್ನು ಓಡಿಸಿದೆ. ಅವರು ಹೋಗಿ, ಜನರ ನಡುವೆ ಮೇಡಂ ಅವರನ್ನು ಹುಡುಕಿ ಕರೆತರಲು ಹದಿನೈದು ನಿಮಿಷವಾದರೂ ಬೇಕು. ಮಗುವಿನ ಎದೆಬಡಿತಕ್ಕೆ ಅಷ್ಟು ಪುರುಸೊತ್ತಿಲ್ಲ. ಖಾಲಾ ಆಗಲೇ ಸ್ಟ್ರೆಚರ್ ತಂದು ಮಂಚಕ್ಕೆ ತಾಗಿಸಿ ನಿಂತಿದ್ದಳು. ಅದನ್ನು ನೋಡಿದ ಕ್ಷಣ ನನ್ನ ತೀರ್ಮಾನವಾಯಿತು. ಬೈಗುಳ ಆಮೇಲೆ ತಿಂದರಾಯಿತು.

ಸ್ಟ್ರೆಚರ್ ಹೊರಗೆ ಬರುತ್ತಿದ್ದಂತೆ ಬಾಗಿಲಾಚೆ ಅತ್ತೆ ಎದ್ದು ನಿಂತರು. "ಗರ್ಭಚೀಲ ಹರದೈತ್ರಿ ಅವ್ವಾರ. ಈಗಿಂದೀಗ ಆಪರೇಷನ್ ಆಗಬೇಕು. ಚೀಲ ತಗೀಬೇಕಾಗಬಹುದು," ಎಂದೆ. ಅವರು ಸೊಸೆಯ ಮುಖ ನೋಡಿದರು. "ಯಾಕ ಹರೀತ್ರಿ?" ಎಂದರು. ಕಾಲಿಗೆ ಬೀಳುತ್ತೇನೆಂದವಳು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದಳು. "ಆಮ್ಯಾಲೆ ಹೇಳ್ತೀನಿ," ಎಂದೆ. ಅವರು "ಹುಡುಗಿ ಉಳೀಲಿ ಮೊದಲ. ಉಳಿದದ್ದೆಲ್ಲಾ ಆಮ್ಯಾಗ," ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ರಕ್ತ ಬೇಕು ಎಂದೆ. ಬಾಟಲಿಗೆ ಬದಲು ಬಾಟಲಿ ಕೊಟ್ಟರೆ ಮಾತ್ರ ನಮ್ಮ ರಕ್ತನಿಧಿ ಕೈ ಬಿಚ್ಚುತ್ತಿತ್ತು, ರಕ್ತ ಕೊಡಿ ಎಂದರೆ ಗಂಡಸರೇ ಮೂತ್ರಕ್ಕೆ ಹೋಗಿ ಬರುತ್ತೇವೆಂದು ಹೋಗಿ ಮಾಯವಾಗುತ್ತಿದ್ದ ಕಾಲ ಅದು. ಇವರು ಕೈಬಳೆ ಮೇಲೇರಿಸಿಕೊಂಡು "ಎಲ್ಲಿ ಕೊಡಬೇಕು ತೋರಸ್ರಿ" ಎಂದು ಹೊರಟೇಬಿಟ್ಟರು.

ಆಪರೇಷನ್ ಕೋಣೆಯಲ್ಲಿ ಇದ್ದ ಎರಡು ಟೇಬಲ್‌ಗಳಲ್ಲಿ ಒಂದರಲ್ಲಿ ಹೊಟ್ಟೆ ತೆರೆದು ಕೆಲಸ ನಡೆದಿತ್ತು. ಇನ್ನೊಂದರಲ್ಲಿ ಮೊದಲೇ ಗೊತ್ತುಮಾಡಿದ್ದ ಸಿಜೇರಿಯನ್‌ಗಾಗಿ ಒಬ್ಬ ಹೆಂಗಸು ಬೆನ್ನು ಬಗ್ಗಿಸಿ ಕೂತಿದ್ದಳು. ಅರಿವಳಿಕೆ ಡಾಕ್ಟರು ಸೂಜಿ ಕೈಯಲ್ಲಿ ಹಿಡಿದಿದ್ದರು.

"ಸರ್, ಇವರನ್ನು ಇಳಿಸಬೇಕು," ಎಂದೆ.

"ಮೇಡಂ ಎಲ್ಲಿ?"

"ಬರುತ್ತಿದ್ದಾರೆ. ಬರುವವರೆಗೆ ಇವಳು ಇರುವುದಿಲ್ಲ."

ಅವರು ಗೊಣಗುವವರೆಂದು ಹೆಸರಾದವರು. ಸ್ಟ್ರೆಚರಿನ ಹತ್ತಿರ ಬಂದು ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದರು. ಅದು ಸುಣ್ಣದ ಹಾಗೆ ಬಿಳುಚಿತ್ತು. ಕೈಯಲ್ಲಿದ್ದ ಸೂಜಿಯನ್ನು ತಟ್ಟೆಗೆ ಹಾಕಿದರು. ಆದರೆ ಟೇಬಲ್ ಮೇಲಿದ್ದವಳಿಗೆ ಹೇಗೆ ಹೇಳುವುದು? ಹಿಂದಿನ ರಾತ್ರಿಯಿಂದ ಹನಿ ನೀರಿಲ್ಲದೆ, ಹೆದರಿಕೆಯನ್ನೆಲ್ಲ ಗಟ್ಟಿಮಾಡಿಕೊಂಡು ಬಂದು ಕೂತವಳು. ನಾನು ಬಾಯಿ ತೆರೆಯುವ ಮೊದಲೇ ಅವಳು ತುಂಬಿದ ಹೊಟ್ಟೆ ಹಿಡಿದುಕೊಂಡು ತಾನೇ ಕೆಳಗಿಳಿದಳು. "ಪರವಾಲೇದಮ್ಮಾ, ಮುಂದು ಆಮೆನಿ ಚೂಡಂಡಿ," ಎಂದಳು. ಪರವಾಗಿಲ್ಲ, ಮೊದಲು ಅವಳನ್ನು ನೋಡಿ ಎಂದಷ್ಟೇ. ಸಂಜೆ ಅವಳಿಗೆ ಗಂಡುಮಗುವಾಯಿತೆಂದು ಕೇಳಿದೆ. ಹೆಸರು ಕೇಳಿಟ್ಟುಕೊಳ್ಳಲಿಲ್ಲವಲ್ಲ ಎಂಬ ಕೊರಗು ಇದೆ.

ಹಳೆಯ ಗೆರೆಯ ಮೇಲೆಯೇ ಚಾಕು ಎಳೆದೆ. ಒಳಪದರ ತೆರೆಯುತ್ತಿದ್ದಂತೆ ಕಪ್ಪು ರಕ್ತ ಟೇಬಲಿನಿಂದ ನನ್ನ ಚಪ್ಪಲಿಗೆ ಇಳಿಯಿತು. ಗರ್ಭಕೋಶದ ನೆತ್ತಿಯಿಂದ ಮುಂಭಾಗಕ್ಕೆ, ಗೇಣಿಗೆ ತುಸು ಕಡಿಮೆ ಉದ್ದಕ್ಕೆ ಹರಿದಿತ್ತು. ಮಗುವಿನ ಎರಡು ಕಾಲೂ ಕುಂಡೆಯೂ ಆ ಹರಕಿನಿಂದ ಹೊಟ್ಟೆಯೊಳಕ್ಕೆ ಬಂದಿದ್ದವು. ಕಾಲು ಹಿಡಿದು ಎಳೆದುಕೊಂಡೆ. ಹೆಣ್ಣು. ನೀಲಿ ಬಣ್ಣ, ಒದ್ದೆ ಬಟ್ಟೆಯಂತೆ ಜೋಲುತ್ತಿತ್ತು. ಸಿಸ್ಟರ್ ಕೈಗೆ ಕೊಟ್ಟು ತಿರುಗಿದೆ; ಅತ್ತ ನೋಡಲು ಪುರುಸೊತ್ತಿರಲಿಲ್ಲ. ಮಾಸು ತೆಗೆದೆ. ಹರಕಿನ ಅಂಚುಗಳಿಗೆ ಇಕ್ಕಳ ಹಾಕಿದೆ. ಆದರೂ ರಕ್ತ ಚಿಮ್ಮುತ್ತಿತ್ತು. ಮೇಡಂ ಒಮ್ಮೆ ತೋರಿಸಿದ್ದ ಹಾಗೆ, ಬೆನ್ನುಮೂಳೆಯ ಮೇಲಿನ ದೊಡ್ಡ ರಕ್ತನಾಳವನ್ನು ಮುಷ್ಟಿಯಿಂದ ಒತ್ತಿ ಹಿಡಿದೆ. ಕೋಣೆಯ ಆಚೆ ಮೂಲೆಯಲ್ಲಿ ಸಿಸ್ಟರ್ ಮಗುವಿನ ಮೂಗುಬಾಯಿಗೆ ಗಾಳಿಚೀಲ ಒತ್ತುವ ಸದ್ದು ಮಾತ್ರ ಕೇಳುತ್ತಿತ್ತು.

ಆಗ ಮೇಡಂ ಒಳಗೆ ಬಂದರು, ಕೈ ತೊಳೆದುಕೊಂಡೇ. ಯಾರು ಹೇಳಿದ್ದು ತೆರೆಯಲು ಎಂದು ಕೇಳಲಿಲ್ಲ. "ಕೈ ತೆಗೀಬೇಡ, ಹಾಗೇ ಒತ್ತಿಕೊಂಡಿರು," ಎಂದರು ತೆಲುಗಿನಲ್ಲಿ. ಅಂಚುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಗರ್ಭಕೋಶ ತೆಗೆದುಬಿಡುವುದು ಬೇಗನೆ ಮುಗಿಯುವ ಕೆಲಸ, ಸುರಕ್ಷಿತವೂ ಹೌದು. ಉಳಿಸುವುದು ಜೂಜು. ಆದರೆ ಹರಕು ಹಳೆಯ ಹೊಲಿಗೆಯ ಗುಂಟವೇ ನೇರವಾಗಿ ಹೋಗಿತ್ತು, ಪಕ್ಕಕ್ಕೆ ಚೂರಾಗಿರಲಿಲ್ಲ. "ಈ ಅಂಚಿನಲ್ಲಿ ಹೊಲಿಗೆ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಕೊಡೋಣ. ನಿಲ್ಲದಿದ್ದರೆ ತೆಗೆಯೋಣ," ಎಂದು ಸೂಜಿ ಕೇಳಿದರು.

ಪದರದ ಮೇಲೆ ಪದರ ಹೊಲಿದರು. ನಡುವೆ ಒಮ್ಮೆ ಅರಿವಳಿಕೆ ಡಾಕ್ಟರು "ಅರವತ್ತು" ಎಂದರು, ರಕ್ತದೊತ್ತಡದ ಲೆಕ್ಕ. ಯಾರೂ ತಲೆಯೆತ್ತಲಿಲ್ಲ. ಅಷ್ಟರಲ್ಲಿ ಖಾಲಾ ರಕ್ತದ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿ ಬೆಚ್ಚಗೆ ಮಾಡುತ್ತ ತಂದಳು. ಅದು ಏರುತ್ತಿದ್ದಂತೆ ಅರವತ್ತು ಎಪ್ಪತ್ತಾಯಿತು, ತೊಂಬತ್ತಾಯಿತು. ಮೂಲೆಯಿಂದ ಅಳು ಎನ್ನಲಾಗದ, ಕೆಮ್ಮಿದಂಥ ಒಂದು ಸದ್ದು ಬಂತು. ಇನ್ನೊಂದು ಬಂತು. ಮೇಡಂ ಸೂಜಿ ನಿಲ್ಲಿಸದೆ "ಹ್ಞಾಂ" ಎಂದರು. ಮುಖವಾಡದ ಒಳಗೆ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ ಎಂದುಕೊಂಡಿದ್ದೇನೆ. ಇಪ್ಪತ್ತು ನಿಮಿಷಕ್ಕೆ ಹೊಲಿಗೆಯಿಂದ ರಕ್ತ ಒಸರುವುದು ನಿಂತಿತ್ತು. ಗರ್ಭಕೋಶ ಉಳಿಯಿತು.

ಮುಂದಿನ ದಿನಗಳು ಸುಲಭದವಾಗಿರಲಿಲ್ಲ. ಮಗುವಿಗೆ ಮೊದಲ ರಾತ್ರಿ ಒಮ್ಮೆ ಸೆಳವು ಬಂತು, ಆರು ದಿನ ಅದನ್ನು ಬೇರೆ ಕೋಣೆಯಲ್ಲಿಟ್ಟರು. ತಾಯಿಗೆ ಜ್ವರ, ಗಾಯದ ಕೆಳತುದಿಯಲ್ಲಿ ಕೀವು. ನಾಲ್ಕು ಹೊಲಿಗೆ ಬಿಚ್ಚಿ ದಿನಾ ಪಟ್ಟಿ ಕಟ್ಟಬೇಕಾಯಿತು. ಏಳನೆಯ ದಿನ ಮಗು ಮೊಲೆ ಹಿಡಿದಾಗ ಖಾಲಾ ವಾರ್ಡಿಗೆಲ್ಲ ಕೇಳುವಂತೆ ಸುದ್ದಿ ಹೇಳಿಕೊಂಡು ಬಂದಳು. ಅಂದಿನಿಂದ ಅವಳ ಅಂಗೈ ನೋಡಿ ನಾನು ನಗಲಿಲ್ಲ. ನಾನೂ ಹಾಗೆ ಮುಟ್ಟಿ ಮುಟ್ಟಿ ನಡೆಯುವುದನ್ನು ಕಲಿತೆ.

ಮೇಡಂ ನನ್ನನ್ನು ಕರೆದು ಆ ಚೀಟಿಯನ್ನು ಮೇಜಿನ ಮೇಲಿಟ್ಟರು. "ಇವಳೊಬ್ಬಳನ್ನೇ ಕೂರಿಸಿ ಯಾವಾಗ ಕೇಳಿದೆ?"

"ಮೊದಲು ಕೇಳಲಿಲ್ಲ ಮೇಡಂ. ಅವತ್ತೇ ಕೇಳಿದ್ದು."

ಬೈಗುಳಕ್ಕೆ ಕುತ್ತಿಗೆ ಒಡ್ಡಿ ನಿಂತಿದ್ದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವತ್ತಾದರೂ ಕೇಳಿದೆಯಲ್ಲ. ಅದಕ್ಕೇ ಅವಳಿದ್ದಾಳೆ. ಈಗ ಮನೆಗೆ ಕಳಿಸುವ ಚೀಟಿಯಲ್ಲಿ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರಿ," ಎಂದರು.

ಬರೆಯಲು ಕೂತದ್ದು ಹದಿನೆಂಟನೆಯ ದಿನ. ಹುಡುಗಿ ನನ್ನ ಕೈ ಹಿಡಿದಳು. "ಗಡ್ಡಿ ವಿಷಯ ಬರೀಬ್ಯಾಡ್ರಿ ಅಕ್ಕಾರ. ಹೆರಿಗ್ಯಾಗ ಹರೀತು ಅಂತ ಅಷ್ಟ ಬರೀರಿ. ಅವ್ವ ಸುಳ್ಳ ಹೇಳಿ ಗಂಟ ಹಾಕಿದ್ಲು ಅಂತ ಮನ್ಯಾಗ ಆಡ್ಕೋತಾರ. ಸತ್ತಾಕಿ ಹೆಸರ ಕೆಡ್ತೈತಿ."

ನನ್ನ ಪೆನ್ನು ನಿಂತಿತು. ಇಂಗ್ಲಿಷಿನಲ್ಲಿ ಬರೆದರೆ ಅತ್ತೆಗೆ ಓದಲು ಬಾರದು, ಆದರೆ ಮಗನಿಗೆ ಬರುತ್ತದೆ. ಬರೆಯದೆ ಬಿಟ್ಟರೆ ಮುಂದಿನ ಬಸಿರಿನಲ್ಲಿ ಯಾವಳೋ ನನ್ನಂಥ ಇನ್ನೊಬ್ಬಳು ಹನಿ ಏರಿಸಿಯಾಳು. ಅತ್ತೆ ಬಾಗಿಲಲ್ಲಿ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಕಂಕುಳಲ್ಲಿ ಮೊಮ್ಮಗಳು, ಕೈಯಲ್ಲಿ ಹಿಂಡಿಯ ಡಬ್ಬಿ.

"ಖರೇ ಏನೈತಿ ಅದನ್ನ ಬರೀರಿ ಬಾಯಾರ," ಎಂದರು. "ನನ್ನ ಮಗಂದು ವರ್ಗದ ನೌಕರಿ. ನಾಳೆ ಯಾವ ಊರೋ. ಅಲ್ಲಿ ನೀವು ಇರಂಗಿಲ್ಲ, ಚೀಟಿ ಇರ್ತೈತಿ."

ಹುಡುಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆ ಬಂದು ಮಂಚದ ಅಂಚಿಗೆ ಕೂತು, ನನಗೆ ಹೇಳುವಂತೆ ಅವಳಿಗೆ ಹೇಳಿದರು: "ನನಗೂ ಅಪೆಂಡಿಕ್ಸ್ ತಗದಾರ್ರಿ. ಬಲಕ್ಕ ಐತಿ ಗುರುತು, ಇಷ್ಟ ಸಣ್ಣದು. ನೀವು ಚೀಟಿ ಬರದ ಮ್ಯಾಲೆ, ಬಸುರಿ ಕುಬಸದ ದಿನ ಈಕಿಗೆ ಎಣ್ಣಿ ಹಚ್ಚಿ ಎರಿಯೋ ಮುಂದ ನೋಡಿದೆ. ಇದು ಅದಲ್ಲ ಅಂತ ಅವತ್ತ ಗೊತ್ತಾತು. ನಾ ಕೇಳಿದ್ರ ಈಕಿ ಇನ್ನೊಂದು ಸುಳ್ಳ ಹೇಳಬೇಕಾಗ್ತಿತ್ತು. ತಾಯಿ ಇಲ್ಲದ ಹುಡುಗಿ, ಯಾಕ ನೋಯಿಸಬೇಕು ಅಂತ ಸುಮ್ಮನಾದೆ. ಕೇಳಬೇಕಿತ್ರಿ."

"ನಾನೂ ಕೇಳಬೇಕಿತ್ತು ಅವ್ವಾರ," ಎಂದೆ.

ಎಲ್ಲವನ್ನೂ ಬರೆದೆ. ಗಡ್ಡೆ ತೆಗೆದದ್ದು, ಹನಿ ಕೊಟ್ಟದ್ದು, ಹರಿದದ್ದು, ಹೊಲಿದದ್ದು. ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿ ಹುಡುಗಿಯ ಕೈಗೆ ಕೊಟ್ಟೆ. ಅತ್ತೆ, "ಓದು, ನಾನೂ ಕೇಳ್ತೀನಿ," ಎಂದರು.

ಅವಳು ಮೂಗೊರೆಸಿಕೊಂಡು ಓದಿದಳು: "ಗರ್ಭಕೋಶ ಹರಿದು ಹೊಲಿದಿದೆ. ಮುಂದಿನ ಸಲ ನೋವು ಶುರುವಾಗುವ ಮೊದಲೇ ಆಪರೇಷನ್ ಮಾಡಬೇಕು."

"ಇನ್ನೊಮ್ಮೆ ಓದವ್ವಾ," ಎಂದರು ಅತ್ತೆ, "ಬಾಯಿಪಾಠ ಆಗಲಿ ನನಗ."